ತಂಗಿಯ ತಲೆಗೆ ಕಟ್ಟದೆ ಉಳಿದ ರೇಷ್ಮೆ

ನನ್ನದು ಮೊದಲಿನಿಂದಲೂ ಜೋರು ಬಾಯಿ. ಮಸ್ಕತ್ತಿನ ವಾದಿ ಅದಾಯ್‌ನ ಒಂದೇ ಕಟ್ಟಡದಲ್ಲಿ ಕೆಳಗೆ ನಾವು, ಮೇಲೆ ತಂಗಿಯ ಸಂಸಾರ. ಅವಳ ಮನೆಯ ಕಾರಭಾರವನ್ನೂ ನಾನೇ ಮಾಡುತ್ತಿದ್ದೆ. ಅವಳಿಗೆ ಕ್ಯಾನ್ಸರ್ ಬಂದು ಕೂದಲೆಲ್ಲ ಉದುರಿದಾಗ, ಅವಳ ಹನ್ನೊಂದು ವರ್ಷದ ಮಗಳು ಅಪ್ಪನನ್ನು ಕಾಡಿ ಬೇಡಿ ಚೀನಾ ರೇಷ್ಮೆಯ ನೀಲಿ ಸ್ಕಾರ್ಫ್ ತರಿಸಿದಳು. ಆಸ್ಪತ್ರೆಯ ಏಸಿಗೆ ನಡುಗುತ್ತಿದ್ದ ತಂಗಿ ಅದನ್ನು ಕಿವಿ ಮುಚ್ಚುವ ಹಾಗೆ ಸುತ್ತಿಕೊಂಡು ಕೂರುತ್ತಿದ್ದಳು.

ಆಗಲೇ ಹುಡುಗಿಗೆ ಶಾಲೆಯಲ್ಲೊಂದು ಪ್ರಾಜೆಕ್ಟ್ ಕೊಟ್ಟಿದ್ದರು. ಸಾವಿರಾರು ವರ್ಷದ ಹಿಂದೆ ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಕುದುರೆ ಏರಿ ಅಲೆಯುತ್ತಿದ್ದ ದೊರೆಗಳ ಗೋರಿಗಳ ವಿಷಯ. ಒಂದು ಕಡೆ ನೆಲೆ ನಿಂತವರಲ್ಲ, ಆದರೂ ಗೋರಿಯೊಳಗೆ ಚೀನಾದಿಂದ ಬಂದ ರೇಷ್ಮೆ, ಕನ್ನಡಿ. ತಾಯಿಯ ಮಂಚದ ಮೇಲೆ ಕೂತು ಚಿತ್ರ ಅಂಟಿಸುತ್ತಿದ್ದಳು.

“ಎಂಥಾ ಹುಚ್ಚರವಾ, ಇಂಥಾ ರೇಷ್ಮಿ ಒಯ್ದು ಮಣ್ಣಾಗ ಹಾಕ್ಯಾರ” ಎಂದೆ ನಾನು.

“ಹುಚ್ಚರಲ್ಲ ಅಕ್ಕ” ಎಂದಳು ತಂಗಿ. “ಆಮ್ಯಾಲೆ ಕೊಡೂಣಂದ್ರ ಆ ಮನಷ್ಯಾ ಸಿಗಬೇಕಲ್ಲ.”

ಮೂರು ವಾರಕ್ಕೆ ಅವಳು ಹೋದಳು. ಕಾಗದಪತ್ರಕ್ಕೆ ಓಡಾಡಿ ದೇಹವನ್ನು ಊರಿಗೆ ಒಯ್ದೆವು. ನಮ್ಮಲ್ಲಿ ಹೂಳುವ ಪದ್ಧತಿ. ವಿಭೂತಿ ಹಚ್ಚಿ ಹೊಸ ಸೀರೆ ಉಡಿಸಿದ ಮೇಲೆ ಹುಡುಗಿ ತನ್ನ ಚೀಲದಿಂದ ಸ್ಕಾರ್ಫ್ ತೆಗೆದು ತಾಯಿಯ ತಲೆಗೆ ಕಟ್ಟಲು ಬಂದಳು.

“ಬ್ಯಾಡ” ಎಂದೆ. “ಹಳೇ ಅರಿವಿ ಹಾಕೂದಿಲ್ಲ. ತುಟ್ಟಿ ರೇಷ್ಮಿ, ನಿನಗ ಇರ್ಲಿ.”

“ದೊಡ್ಡಮ್ಮ, ಪ್ಲೀಸ್.”

“ಖಲಾಸ್. ಮತ್ತ ಮಾತಾಡಬ್ಯಾಡ.” ಅವಳ ಕೈಯಿಂದ ಸ್ಕಾರ್ಫ್ ತೆಗೆದು ನನ್ನ ಚೀಲಕ್ಕೆ ಹಾಕಿಕೊಂಡೆ.

ಹಾಗೊಂದು ನೇಮ ಇದೆಯೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಪಕ್ಕದಲ್ಲೇ ನಿಂತು ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಅಷ್ಟು ಚಂದದ ಬಟ್ಟೆ ಮಣ್ಣುಪಾಲಾಗುತ್ತದಲ್ಲ ಎಂದು ನನ್ನ ಜೀವ ಒಪ್ಪಲಿಲ್ಲ, ಅಷ್ಟೇ. ಒಡಹುಟ್ಟಿದವಳ ವಿಷಯದಲ್ಲಿ ಅಂಥ ಹೊತ್ತಿನಲ್ಲಿ ಜಿಪುಣತನ ಮಾಡಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಸೀರೆಯ ಸೆರಗನ್ನು ತಲೆಗೆ ಎಳೆದು ಮಣ್ಣು ಮಾಡಿದೆವು.

ಮಸ್ಕತ್ತಿಗೆ ಮರಳಿದ ಮೇಲೆ ಸ್ಕಾರ್ಫನ್ನು ಮಡಿಚಿ ಹುಡುಗಿಗೆ ಕೊಡಲು ಮೇಲಿನ ಮನೆಗೆ ಹೋದೆ. ಅವಳು ಕೈ ಚಾಚಲಿಲ್ಲ.

“ನೀವ ಇಟ್ಕೋರಿ, ದೊಡ್ಡಮ್ಮ.”

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ಬೈದು ರಮಿಸುತ್ತಿದ್ದೆ. ಪುಸ್ತಕಕ್ಕೆ ರಟ್ಟು ಹಾಕುತ್ತಿದ್ದವಳು ತಲೆಯೆತ್ತದೆ ಕೇಳಿದಳು:

“ಮಣ್ಣೊಳಗ ಥಂಡಿ ಇರ್ತದೇನು?”

ಇಲ್ಲ ಎಂದೆ. ಅವಳು ನಂಬಲಿಲ್ಲ.