ನಿಲ್ದಾಣದ ಹೆಸರು ಹಾಡಿದ ಸುನ್‌ಮೋಯ್ ಅತ್ತೆ

ನನ್ನ ಸೋದರತ್ತೆ ಫಾಂಗ್ ಸುನ್‌ಮೋಯ್ ಹತ್ತೊಂಬತ್ತರ ಹರೆಯದಲ್ಲಿ ಮಿಯಾವ್ಲಿ ಪಟ್ಟಣದಿಂದ ಬೆಟ್ಟದ ಹಳ್ಳಿಗಳಿಗೆ ಹೋಗುವ ಬಸ್ಸಿಗೆ ಕಂಡಕ್ಟರ್ ಆದಳು. ಆಗ ತೈವಾನಿನಲ್ಲಿ ಸರ್ಕಾರ ಒಪ್ಪುತ್ತಿದ್ದದ್ದು ಮ್ಯಾಂಡರಿನ್ ಒಂದನ್ನೇ. ಅದನ್ನೇ ರಾಷ್ಟ್ರಭಾಷೆ ಎನ್ನುತ್ತಿದ್ದರು. ನಿಲ್ದಾಣದ ಹೆಸರನ್ನು ಅದರಲ್ಲೇ ಕೂಗಬೇಕು, ಪ್ರಯಾಣಿಕರೊಂದಿಗೆ ನಮ್ಮ ಮನೆಮಾತು ಹಕ್ಕಾ ಆಡಕೂಡದು ಎಂದು ಕಂಪನಿಯ ಕಟ್ಟಪ್ಪಣೆ. ಬಸ್ಸು ಹತ್ತುತ್ತಿದ್ದವರೋ ಹಕ್ಕಾ ಬಿಟ್ಟು ಬೇರೇನೂ ಅರಿಯದ ಚಹಾ ತೋಟದ ಹೆಂಗಸರು.

ಒಂದು ದಿನ ಲೋ ಅಜ್ಜಿ ಬುಟ್ಟಿಯಲ್ಲಿ ಎರಡು ಕೋಳಿ ಹೊತ್ತು ಹತ್ತಿದಳು. ಅವಳ ಊರು ಕರ್ಪೂರಮರ. ಅತ್ತೆ ಗಂಟಲು ಹರಿಯುವಂತೆ ಮ್ಯಾಂಡರಿನ್‌ನಲ್ಲಿ ಹೆಸರು ಕೂಗಿದರೂ ಅಜ್ಜಿ ಕಿಟಕಿಯಾಚೆ ನೋಡುತ್ತ ಕೂತೇ ಇದ್ದಳು. ಮುಂದಿನ ನಿಲ್ದಾಣದಲ್ಲಿ ಗಾಬರಿಯಾಗಿ ಇಳಿಯಹೊರಟಾಗ ಒಂದು ಕೋಳಿ ಡ್ರೈವರ್ ಚೂ ಅವರ ತಲೆ ಮೇಲೆ ಹಾರಿ ಕೂತಿತು.

"ಹೆಸ್ರು ಕೂಗಿದ್ನಲ್ಲ ಅಜ್ಜಿ," ಅಂದಳು ಅತ್ತೆ, ಕೋಳಿ ಹಿಡಿಯುತ್ತ. ಅವಸರದಲ್ಲಿ ಬಾಯಿಗೆ ಬಂದದ್ದು ಹಕ್ಕಾನೇ.

"ಕೂಗ್ದೆ ಕಣೇ. ಯಾರ್ನೋ ಬೈತಿದೀಯ ಅಂದ್ಕೊಂಡೆ."

ಬಸ್ಸಿಗೆ ಬಸ್ಸೇ ನಕ್ಕಿತು. ಅತ್ತೆಯೂ ನಕ್ಕಳು. ಆದರೆ ಬಿಸಿಲಲ್ಲಿ ಬುಟ್ಟಿ ಹೊತ್ತು ವಾಪಸು ನಡೆಯುತ್ತಿದ್ದ ಅಜ್ಜಿಯ ಬೆನ್ನನ್ನೇ ತಿರುವು ಬರುವ ತನಕ ನೋಡುತ್ತಿದ್ದಳು.

ಮರುದಿನ ಕರ್ಪೂರಮರ ಹತ್ತಿರವಾದಾಗ ಅತ್ತೆ ಮೊದಲು ಮ್ಯಾಂಡರಿನ್‌ನಲ್ಲಿ ಕೂಗಿ, ಆಮೇಲೆ ಚಹಾ ಕೀಳುವವರ ಹಾಡಿನ ಧಾಟಿಯಲ್ಲಿ ಹಕ್ಕಾದಲ್ಲೇ ಎತ್ತಿಕೊಂಡಳು: "ಕರ್ಪೂರಮರ ಬಂತವ್ವ, ಕಂಕುಳ ಕೂಸ ಎತ್ತವ್ವ."

ಹಿಂದಿನ ಸೀಟಿನಿಂದ ಯಾರೋ ತಕ್ಷಣ ಉತ್ತರ ಕೊಟ್ಟರು: "ಕೂಸನು ನಾನು ಎತ್ತೇನು, ಬುಟ್ಟಿ ಹೊರೋರು ಯಾರವ್ವ?"

ಚೂ ಅವರು ಚೀನಾದ ಶಾನ್‌ಡಾಂಗ್ ಕಡೆಯಿಂದ ಸೈನಿಕರಾಗಿ ಬಂದವರು, ಹಕ್ಕಾ ತಿಳಿಯದು. "ಇದು ನಿಯಮಕ್ಕೆ ವಿರೋಧ ಅಲ್ವೇನಮ್ಮ?" ಎಂದು ಕೇಳಿದರು.

"ಮಾತಾಡ್ಬೇಡ ಅಂದಿದಾರೆ. ಹಾಡ್ಬೇಡ ಅಂದಿಲ್ವಲ್ಲ."

"ಸರಿ, ಹಾಡು. ನಂಗೊಂದಕ್ಷರ ತಿಳಿಯಲ್ಲ, ಆದ್ರೆ ಓಡಿಸ್ವಾಗ ನಿದ್ದೆ ಬರಲ್ಲ."

ಜನ ಬೇರೆ ಬಸ್ಸು ಬಿಟ್ಟು ಅತ್ತೆಯ ಬಸ್ಸಿಗೆ ಕಾಯತೊಡಗಿದರು. ಸುದ್ದಿ ಇನ್ಸ್‌ಪೆಕ್ಟರ್ ತು ಅವರ ಕಿವಿಗೂ ಬಿತ್ತು. ಅವರೂ ಹಕ್ಕಾದವರೇ, ಆದರೆ ಕಚೇರಿ ಸೇರಿದ ಮೇಲೆ ಅದನ್ನು ಆಡಿದ್ದು ಯಾರೂ ಕೇಳಿರಲಿಲ್ಲ. ಅವರು ಬಸ್ಸು ಹತ್ತಿದ ದಿನ ಅತ್ತೆ ತೆಪ್ಪಗೆ ಮ್ಯಾಂಡರಿನ್ ಮಾತ್ರ ಕೂಗಿದಳು. ಆದರೆ ಹಾಡಿನ ಸಾಲನ್ನು ಲೋ ಅಜ್ಜಿ ಎತ್ತಿಯೇಬಿಟ್ಟಳು, ಉಳಿದವರು ದನಿಗೂಡಿಸಿದರು.

"ರಾಷ್ಟ್ರಭಾಷೆಯಲ್ಲಿ ಮಾತಾಡಿ ಅಜ್ಜಿ," ಎಂದರು ತು, ಮ್ಯಾಂಡರಿನ್‌ನಲ್ಲೇ. ಪಕ್ಕದಲ್ಲಿದ್ದ ಶಾಲೆ ಹುಡುಗ ಅದನ್ನು ಅಜ್ಜಿಗೆ ಹಕ್ಕಾದಲ್ಲಿ ಹೇಳಿದ.

"ಯಾಕಪ್ಪ, ನಿಮ್ಮಮ್ಮ ನಿಂಗೆ ಜೋಗುಳ ಹಾಡಿದ್ದು ಅದ್ರಲ್ಲೇನು? ಅವಳು ನನ್ನ ಪಕ್ಕದ ಸಾಲಲ್ಲೇ ಚಹಾ ಕೀಳ್ತಿದ್ಳು. ನಂಗೊತ್ತಿಲ್ವ?"

ತು ಅವರ ಕಿವಿ ಕೆಂಪಗಾಯಿತು. ಮುಂದಿನ ನಿಲ್ದಾಣದಲ್ಲೇ ಇಳಿದು ಹೋದರು.

ಆ ವಾರವೇ ಅತ್ತೆಯನ್ನು ಬಸ್ಸು ತೊಳೆಯುವ ಕೆಲಸಕ್ಕೆ ಹಾಕಿದರು. ಮನೆಗೆ ಬಂದು ಒಂದು ಸಂಜೆ ಅತ್ತಳಂತೆ, ಅಷ್ಟೆ. ಅತ್ತ ಬಸ್ಸಿನಲ್ಲಿ ಹೊಸ ಕಂಡಕ್ಟರ್ ಮ್ಯಾಂಡರಿನ್‌ನಲ್ಲಿ ಎಷ್ಟು ಕೂಗಿದರೂ ಜನ ಕಿವುಡರಂತೆ ಕೂತಿರುತ್ತಿದ್ದರು. ತಾವೇ ಹಾಡಿ ಮುಗಿಸುವ ತನಕ ಒಬ್ಬರೂ ಕೆಳಗಿಳಿಯರು. ಬಸ್ಸು ದಿನವೂ ತಡವಾಗುತ್ತಿತ್ತು.

ಚಳಿ ಶುರುವಾಗಿ ಪರ್ಸಿಮನ್ ಹಣ್ಣು ಒಣಗಿಸುವ ಕಾಲಕ್ಕೆ ತು ಅವರೇ ಡಿಪೋಗೆ ಬಂದರು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಹಕ್ಕಾದಲ್ಲೇ ಹೇಳಿದರು: "ನಾಳೆಯಿಂದ ಬಸ್ ಹತ್ತು. ನಾನಿದ್ದಾಗ ಮಾತ್ರ ಹಾಡ್ಬೇಡ."

"ಜನ ತುಂಬಿರ್ತಾರೆ ಸಾರ್, ನೀವು ಹತ್ತಿದ್ದು ನಂಗೆ ಹೇಗೆ ಗೊತ್ತಾಗ್ಬೇಕು?"

"ಕೆಮ್ತೀನಿ."

ಕೆಲವು ಸಲ ಕೆಮ್ಮಿದರು. ಒಮ್ಮೆ ಹತ್ತಿ, ಕಿಟಕಿ ಪಕ್ಕ ಕೂತು, ಕೊನೆಯ ನಿಲ್ದಾಣದ ತನಕ ಕೆಮ್ಮದೇ ಬಂದರು. ಆ ದಿನ ತನ್ನ ದನಿ ಎಂದಿಗಿಂತ ಚೆನ್ನಾಗಿತ್ತು ಎಂದು ಅತ್ತೆ ಈಗಲೂ ಕೊಚ್ಚಿಕೊಳ್ಳುತ್ತಾಳೆ.

ವರ್ಷಗಳು ಉರುಳಿ, ಬಸ್ಸುಗಳಲ್ಲಿ ಕಂಡಕ್ಟರ್‌ಗಳೇ ಇಲ್ಲವಾದರು. ನಮ್ಮ ನುಡಿ ನಮಗೆ ಕೊಡಿ ಎಂದು ಹಕ್ಕಾ ಜನ ರಾಜಧಾನಿ ತೈಪೆಯ ಬೀದಿಗಿಳಿದಾಗ ಅತ್ತೆ ಹಕ್ಕಾ ಹೆಂಗಸರ ನೀಲಿ ಅಂಗಿ ತೊಟ್ಟು ಹೋಗಿ, ದನಿ ಕೂತುಹೋಗಿ, ವಾರವೆಲ್ಲ ಕೈಸನ್ನೆಯಲ್ಲೇ ಗಂಡನನ್ನು ಬೈದಳು. ಕೊನೆಗೆ ಬಸ್ಸು ರೈಲುಗಳಲ್ಲಿ ಹಕ್ಕಾ ಪ್ರಕಟಣೆಯೂ ಇರಬೇಕೆಂದು ಕಾನೂನು ಬಂತು. ಶಾಲೆಯಲ್ಲಿ ವಾರಕ್ಕೊಂದು ತಾಯ್ನುಡಿ ಪಾಠವೂ ಶುರುವಾಯಿತು.

ಈಗ ಆ ಪಾಠಕ್ಕೆ ಅತ್ತೆಯನ್ನೇ ಕರೆಯುತ್ತಾರೆ. ಅವಳು ಪುಸ್ತಕ ಬಿಚ್ಚುವುದಿಲ್ಲ. ಮಕ್ಕಳನ್ನು ಎರಡು ಗುಂಪು ಮಾಡಿ ಹಕ್ಕಾದಲ್ಲೇ ಹಣ್ಣಿನ ಚೌಕಾಶಿಗೆ ಬಿಡುತ್ತಾಳೆ. ಕಳೆದ ವಾರ ಗದ್ದಲಕ್ಕೆ ಹೆಡ್‌ಮಾಸ್ತರರೇ ಓಡಿ ಬಂದು, ತಮಗೆ ಬಂದಷ್ಟು ಹಕ್ಕಾದಲ್ಲಿ "ಮೆಲ್ಲಗೆ ಮಾತಾಡ್ರೋ" ಎಂದರು. ಅವರ ಉಚ್ಚಾರ ತಪ್ಪೆಂದು ಇಡೀ ತರಗತಿ ಒಕ್ಕೊರಲಿನಿಂದ ತಿದ್ದಿತು. ಅವರು ತಿದ್ದಿಕೊಂಡು ಹೇಳುವ ತನಕ ಮಕ್ಕಳೂ ಬಿಡಲಿಲ್ಲ, ಅತ್ತೆಯೂ ಬಿಡಲಿಲ್ಲ.