ಐದು ಮನೆಗೆ ಐದು ಕೊಪ್ಪರಿಗೆ

ಪಾತ್ರೆ ಅಂಗಡಿಯ ಗಲ್ಲೆಯಲ್ಲಿ ಕೂತವನಿಗೆ ಗಿರಾಕಿ ಮೆಟ್ಟಿಲು ಹತ್ತುವಾಗಲೇ ಅವರ ತೂಕ ಗೊತ್ತಾಗಿಬಿಡುತ್ತದೆ. ಮೆಣಸಕ್ಕನನ್ನು ಕಂಡಾಗ ನಾನು ಕಟ್ಟಿದ ಬೆಲೆ ಇಷ್ಟು: ಛತ್ರದಲ್ಲಿ ಪಾತ್ರೆ ತೊಳೆಯುವ ಹೆಂಗಸು, ಒಂದು ಸೌಟು ಕೊಳ್ಳುತ್ತಾಳೆ, ಅದಕ್ಕೆ ಒಂದು ಗಂಟೆ ಚೌಕಾಸಿ ಮಾಡುತ್ತಾಳೆ, ಹೋಗುವಾಗ ಒಂದು ಚಮಚ ಪುಕ್ಕಟೆ ಕೇಳುತ್ತಾಳೆ.

ಅವಳು ಕೇಳಿದ್ದು ಇನ್ನೂರು ಜನಕ್ಕೆ ಅನ್ನ ಬೇಯುವ ಕೊಪ್ಪರಿಗೆ. ಅದೂ ನಗದು ಕೊಟ್ಟು. ಚಮಚವನ್ನೂ ಕೇಳಿದಳೆನ್ನಿ, ಅಲ್ಲಿ ನನ್ನ ಲೆಕ್ಕ ತಪ್ಪಿರಲಿಲ್ಲ.

ಅವಳೂ ಸೇರಿ ಅವಳ ಓಣಿಯ ಐವರು ಹೆಂಗಸರು ಗುಂಪು ಕಟ್ಟಿ ಕಿರುಸಾಲ ಎತ್ತಿದ್ದರು. ಅಡವಿಡಲು ಬಂಗಾರವಿಲ್ಲ, ಹಾಗಾಗಿ ಒಬ್ಬರಿಗೊಬ್ಬರೇ ಜಾಮೀನು. ವಾರದ ಸಭೆಯಲ್ಲಿ ಐವರ ಕಂತೂ ಬೀಳುವವರೆಗೆ ಯಾರೂ ಏಳುವಂತಿಲ್ಲ. ಒಬ್ಬಳು ತಪ್ಪಿದರೂ ಮುಂದೆ ಯಾರಿಗೂ ಸಾಲವಿಲ್ಲ. ಪಾತ್ರೆ ಬಾಡಿಗೆಗೆ ಬಿಡುವುದು ಮೆಣಸಕ್ಕನ ಯೋಚನೆ. ಅದು ಎಷ್ಟು ಚೆನ್ನಾಗಿತ್ತೆಂದರೆ, ಉಳಿದ ನಾಲ್ವರೂ ಒಬ್ಬೊಬ್ಬರಾಗಿ ಬಂದು, "ಅಕ್ಕ ತಗೊಂಡಿದ್ದೇ ನಮಗೂ ಕೊಡಿ" ಅಂದರು. ಕೊಟ್ಟೆ. ಬೇಡ ಅನ್ನಲು ನಾನೇನು ಅವರ ಮಾವನೇ?

ಓಣಿಯಲ್ಲಿ ಐದು ಕೊಪ್ಪರಿಗೆಗಳಾದವು. ಬಡಿಸಲು ಸೌಟಿಲ್ಲ, ಉಣ್ಣಲು ತಟ್ಟೆಯಿಲ್ಲ. ಬರೀ ಕೊಪ್ಪರಿಗೆಯನ್ನು ಯಾರು ಬಾಡಿಗೆಗೆ ಒಯ್ಯುತ್ತಾರೆ? ಒಬ್ಬಳ ಮನೆಯ ಬಾಗಿಲಲ್ಲಿ ಅದು ಹಿಡಿಸದೆ ಹೊರಗೇ ಉಳಿದು, ಬೆಕ್ಕಿನ ಬಾಣಂತನಕ್ಕೆ ಒದಗಿತು.

ಮೊದಲ ಕಂತುಗಳು ಕೂಲಿ ದುಡ್ಡಿನಲ್ಲಿ ಹೇಗೋ ಸಂದವು. ಆಮೇಲೆ ಕೈ ಖಾಲಿ. ಮುಂದಿನ ಸಭೆಯ ದಿನ ಐವರೂ ಕೊಪ್ಪರಿಗೆಗಳನ್ನು ಉರುಳಿಸಿಕೊಂಡು ಬಂದು ನನ್ನ ಅಂಗಡಿ ಬಾಗಿಲಲ್ಲೇ ಸಭೆ ಕೂತರು. ಕಂತು ವಸೂಲಿಯವನೂ ಗಾಡಿ ನಿಲ್ಲಿಸಿ ಪಕ್ಕದಲ್ಲಿ ಕೂತ.

"ಏನಮ್ಮಾ ಇದು? ಗಿರಾಕಿಗಳು ಒಳಗೆ ಬರೋದು ಹೇಗೆ?"

"ನಾವೂ ಗಿರಾಕಿಗಳೇ ಅಲ್ವಾ, ಸಾಹುಕಾರ್ರೇ? ನಾಲ್ಕು ಕೊಪ್ಪರಿಗೆ ವಾಪಸ್ ತಗೊಳ್ಳಿ. ಅದೇ ಬೆಲೆಗೆ ತಟ್ಟೆ, ಲೋಟ, ಸೌಟು, ಬಕೆಟ್ ಕೊಡಿ," ಅಂದಳು ಮೆಣಸಕ್ಕ.

"ಮಾರಿದ ಮಾಲು ವಾಪಸ್ ತಗೊಂಡ್ರೆ ನಾನು ಬೀದಿಗೆ ಬರ್ತೀನಿ."

"ಬನ್ನಿ, ಜಾಗ ಇದೆ," ಎಂದು ಸ್ವಲ್ಪ ಸರಿದು ಕೂತಳು.

ವಸೂಲಿಯವನು ನನ್ನತ್ತ ತಿರುಗಿ, "ಬೇಗ ಮುಗಿಸಿ ಅಣ್ಣಾ, ನಾನಿನ್ನೂ ಬೇರೆ ಓಣಿಗೆ ಹೋಗ್ಬೇಕು" ಅಂದ, ಸಾಲ ಮಾಡಿದವನು ನಾನೇ ಎಂಬಂತೆ.

ಅಷ್ಟರಲ್ಲಿ ದಾರಿಹೋಕನೊಬ್ಬ ಕೊಪ್ಪರಿಗೆಯನ್ನು ಬೆರಳಿನಿಂದ ಬಡಿದು ನೋಡಿ, "ಬಾಡಿಗೆಗೆ ಇದೆಯಾ? ಮಗನ ಮದುವೆ" ಅಂದ.

"ತಟ್ಟೆ, ಲೋಟ ಸಮೇತ ಇದೆ," ಅಂದಳು ಮೆಣಸಕ್ಕ, ನನ್ನ ಕಪಾಟಿನ ಕಡೆ ಕೈ ತೋರಿಸಿ. ಮುಂಗಡ ತೆಗೆದುಕೊಂಡಳು. ಐವರ ಕಂತೂ ಅದರಲ್ಲೇ ಬಿತ್ತು. ವಸೂಲಿಯವನು ಎದ್ದ, ಹೆಂಗಸರು ಏಳಲಿಲ್ಲ.

ಕಪಾಟು ತೆಗೆದೆ. ಇನ್ನೇನು ಮಾಡಲಿ?

ಈಗ ಒಬ್ಬಳ ಮನೆಯಲ್ಲಿ ತಟ್ಟೆ, ಇನ್ನೊಬ್ಬಳಲ್ಲಿ ಲೋಟ. ದಿನಾ ಜಗಳ, ಆದರೆ ಒಬ್ಬಳನ್ನು ಬಿಟ್ಟು ಇನ್ನೊಬ್ಬಳಿಗೆ ವ್ಯಾಪಾರವಿಲ್ಲ. ಸಾಲ ತೀರಿಸಿ ಇನ್ನೂ ದೊಡ್ಡದನ್ನು ಎತ್ತಿದ್ದಾರೆ. ನಾನು ವಾಪಸ್ ತೆಗೆದುಕೊಂಡ ನಾಲ್ಕು ಕೊಪ್ಪರಿಗೆಗಳನ್ನು ಛತ್ರದ ಅಡುಗೆಯವರಿಗೆ ಮಾರಿಸಿಕೊಟ್ಟವಳೂ ಮೆಣಸಕ್ಕನೇ. ಅದರ ಕಮಿಷನ್ ನಾನಿನ್ನೂ ಅವಳಿಗೆ ಕೊಡಬೇಕು.