ಕಾಶಮ್ಮನ ಹಸಿರು ಬಳೆ

ಕಾಶಮ್ಮನ ಕೈ ಮಡಿಲಲ್ಲಿದ್ದರೆ ತೆಪ್ಪಗಿರುತ್ತಿತ್ತು. ಕೆಲಸಕ್ಕೆ ಎತ್ತಿದಳೋ, ಶುರು ನಡುಕ! ಚಹಾದ ಬಸಿ ಬಾಯಿಗೆ ಮುಟ್ಟುವಷ್ಟರಲ್ಲಿ ಅರ್ಧ ಸೀರೆಯ ಮೇಲೆ. ಅಂಥ ಕೈಯಲ್ಲಿ ಅವಳು ಮಾಡುತ್ತಿದ್ದುದು ಗಾಜಿನ ಬಳೆ ಇಡುವ ಕೆಲಸ. ಬಸವಕಲ್ಯಾಣದಿಂದ ಬಸ್ಸಿನಲ್ಲಿ ಪೆಟ್ಟಿಗೆ ಹೊತ್ತು ಹುಮನಾಬಾದಿನ ನಮ್ಮ ಓಣಿಗೆ ಬರುತ್ತಿದ್ದಳು. ಬಳೆ ಚೂರಾದರೆ "ಒಡೀತು ಅನಬಾರದ್ರಿ ಅಕ್ಕೋರ, ಹೆಚ್ಚಾತು ಅನ್ರಿ" ಎಂದು ಶಾಲೆಯ ಟೀಚರಾದ ನನಗೇ ಪಾಠ. ನಡುಕ ಜೋರಾದ ಮೇಲೆ ದಿನಾ ಹೆಚ್ಚುವುದೇ ಆಯಿತು.

ಹೋದ ವರ್ಷ, ಮದುವೆ ಗೊತ್ತಾಗಿದ್ದ ನನ್ನ ಮಗಳ ಕೈಗೆ ಚೂರು ಚುಚ್ಚಿ ರಕ್ತ ಬಂತು. ನಾನು ಮೊದಲೇ ತಾಳ್ಮೆಯಿಲ್ಲದ ಹೆಂಗಸು, ರೇಗಿಬಿಟ್ಟೆ. "ಸಾಕು ಬಿಡು ಕಾಶಮ್ಮ, ಮದುವಿ ಬಳಿಗೆ ಬ್ಯಾರೆಯವರನ್ನ ಕರೀತೀನಿ."

ಅವಳು ಪೆಟ್ಟಿಗೆ ಮುಚ್ಚಿ ಹೊರಟುಹೋದಳು. ವಾರ ಕಳೆದು ಬಂದಳು. "ಹೈದರಾಬಾದದಾಗ ತಲಿಗೆ ತೂತ ಹಾಕಿ ತಂತಿ ಇಡ್ತಾರಂತ್ರಿ, ಕೈ ನಿಲ್ತದಂತ. ಹೊಂಟೀನಿ. ಮಗಳ ಮದುವಿ ಬಳಿ ನಾನೇ ಇಡ್ತೀನಿ, ಬ್ಯಾರೆ ಯಾರನ್ನೂ ಕರೀಬ್ಯಾಡ್ರಿ."

ನನ್ನ ಬಾಯಿಗಿಷ್ಟು ಮಣ್ಣು ಹಾಕ! ಜೊತೆಗೆ ನಾನೂ ಹೊರಟೆ.

ಎಚ್ಚರವಿರುವಾಗಲೇ ಆಪರೇಷನ್. ಹೊರಗೆ ನಾನು ಆ ತುದಿಯಿಂದ ಈ ತುದಿಗೆ ಸುತ್ತುತ್ತಿದ್ದೆ. ನರ್ಸ್ ಓಡಿ ಬಂದಳು. ತಂತಿಗೆ ಕರೆಂಟ್ ಬಿಟ್ಟು, ನಡುಕ ನಿಂತಿತೇ ಎಂದು ನೋಡಲು ಕೈಗೆ ಪೆನ್ನು ಕೊಟ್ಟು ಸುರುಳಿ ಬರೆಸುತ್ತಿದ್ದಾರಂತೆ, ಗೆರೆ ಎಲ್ಲೆಲ್ಲೋ ಓಡುತ್ತಿದೆಯಂತೆ, ಡಾಕ್ಟರು ಚಿಂತೆಯಲ್ಲಿದ್ದಾರಂತೆ. ಮಲಗಿದ್ದಲ್ಲಿಂದಲೇ ಕಾಶಮ್ಮ, "ನಾ ಪೆನ್ನ ಯಾವಾಗ ಹಿಡದೇನ್ರಿ ಸಾಹೇಬ್ರ? ಬಳಿ ಕೊಡ್ರಿ, ಯಾರದರ ಒಂದ ಕೈ ಕೊಡ್ರಿ" ಎಂದು ಹಟ ಹಿಡಿದಿದ್ದಾಳಂತೆ. ಅವಳು ಶಾಲೆ ಕಂಡವಳಲ್ಲ, ನಾನಾದರೂ ಮೊದಲೇ ಹೇಳಬೇಕಿತ್ತು. ಆಪರೇಷನ್ನಿಗೆಂದು ತೆಗೆಸಿದ್ದ ಅವಳ ಹಸಿರು ಬಳೆ ನನ್ನ ಚೀಲದಲ್ಲೇ ಇದ್ದವು, ಕೊಟ್ಟೆ.

ಸ್ವಲ್ಪ ಹೊತ್ತಿಗೆ ನರ್ಸ್ ಹೊರಬಂದು ತನ್ನ ಕೈ ಎತ್ತಿ ತೋರಿಸಿದಳು. ಆರು ಬಳೆ. ಒಂದೂ ಹೆಚ್ಚಿರಲಿಲ್ಲ. ಅಲ್ಲೇ ಅತ್ತುಬಿಟ್ಟೆ.

ಮದುವೆಯ ಹಿಂದಿನ ದಿನ ಕಾಶಮ್ಮ ಮಗಳ ಎರಡೂ ಕೈ ತುಂಬಿಸಿದಳು. ಆಮೇಲೆ "ನೀವೂ ಕೈ ಕೊಡ್ರಿ ಅಕ್ಕೋರ" ಎಂದು ನನ್ನತ್ತ ಕೈ ಚಾಚಿದಳು. ಹಾಳು ಅಭ್ಯಾಸ ನೋಡಿ, ನಾನು ಸರ್ರನೆ ಕೈ ಹಿಂದಕ್ಕೆಳೆದುಕೊಂಡೆ. ಅವಳ ಕೈ ಒಂದಿಷ್ಟೂ ಅಲುಗದೆ ಹಾಗೇ ನಿಂತಿತು.

"ಇನ್ನಾ ಅಂಜಿಕಿ ಹೋಗಿಲ್ಲೇನ್ರಿ? ಇರ್ಲಿ, ನಿಮ್ಮವು ಮುಂದಿನ ಸಲ" ಎಂದು ನಕ್ಕು ಪೆಟ್ಟಿಗೆ ಮುಚ್ಚಿದಳು. ಈಗಲೇ ಇಡು ಅನ್ನಲು ನನಗೇನಾಗಿತ್ತೋ!

ಕೆಲವು ತಿಂಗಳಿಗೆ ಎದೆನೋವು ಬಂದು ಹೋಗಿಬಿಟ್ಟಳು. ಈಗ ಓಣಿಗೆ ಬೇರೊಬ್ಬ ಬಳೆಗಾರ್ತಿ ಬರುತ್ತಾಳೆ. ಕೂಗು ಕೇಳಿದೊಡನೆ ಎದ್ದು ಬಾಗಿಲಿಗೆ ಹೋಗುತ್ತೇನೆ, ತಿರುಗಿ ಒಳಗೆ ಬರುತ್ತೇನೆ, ಮತ್ತೆ ಹೋಗುತ್ತೇನೆ. ಕೈ ಕೊಡಲು ಮಾತ್ರ ಆಗುವುದಿಲ್ಲ.